ಮುಚ್ಚಿದ ಬಾಗಿಲಿನ ಹೊರಗೆ ನಾನು ಮಲಯಾಳ ಮಾತಾಡಿದೆ

ಮೊದಲ ದಿನ, ಮೊದಲ ಹತ್ತು ನಿಮಿಷದಲ್ಲೇ ನಾನು ಮಲಯಾಳಕ್ಕೆ ಜಾರಿದೆ. ತಪ್ಪು ಅಲ್ಲೇ ಶುರುವಾದದ್ದು. ಅದು ತಪ್ಪು ಅಂತ ಗೊತ್ತಾಗಲು ನನಗೆ ಐದು ವಾರ ಬೇಕಾಯಿತು. ಆ ಐದು ವಾರ ನಾನು ಎಷ್ಟು ಖುಷಿಯಲ್ಲಿದ್ದೆ ಎಂದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕಡಬ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಕೋಣೆ. ಹೊರಗೆ ‘ಆಪ್ತ ಸಮಾಲೋಚನೆ’ ಎಂಬ ಬೋರ್ಡು, ಒಂದು ಬೆಂಚು, ಒಳಗೆ ಮೂರು ಕುರ್ಚಿ, ಒಂದು ಮೇಜು. ಹದಿನೈದು ದಿನಕ್ಕೊಮ್ಮೆ ಬುಧವಾರ ಪುತ್ತೂರಿನಿಂದ ಸಿಸ್ಟರ್ ಬರುತ್ತಾರೆ. ಮಾನಸಿಕ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿ ದುಡಿದವರು, ಆಮೇಲೆ ಥೆರಪಿಯನ್ನೂ ಕಲಿತವರು. ಉಳಿದ ದಿನ ಇರುವುದು ನಾನೊಬ್ಬಳೇ. ಬಂದವರನ್ನು ಕೂರಿಸುವುದು, ನೀರು ಕೊಡುವುದು, ಫಾರ್ಮ್ ತುಂಬುವುದು, ಉಸಿರಾಟದ ಅಭ್ಯಾಸ ಮಾಡಿಸುವುದು, ಕೇಳಿಸಿಕೊಳ್ಳುವುದು, ಇಷ್ಟೇ ನನ್ನ ಕೆಲಸ. ನಾನು ಈ ವಿಷಯ ಓದಿ ಡಿಗ್ರಿ ಪಡೆದವಳಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ಸಿಕ್ಕಿದ ಪುಸ್ತಕವನ್ನೆಲ್ಲ ಓದಿ, ನೋಟ್ಸ್ ಮಾಡಿ ಕಲಿತವಳು. ಸಿಸ್ಟರ್ ಮೊದಲೇ ಹೇಳಿದ್ದರು:

“ಮನೆಗೆ ಅಭ್ಯಾಸ ಕೊಡುದು ನಾನು. ನೀನಲ್ಲ. ಗೊತ್ತಾಯ್ತಾ? ನೀನು ಕೇಳು ಸಾಕು. ಕೇಳುದೇ ದೊಡ್ಡ ಕೆಲಸ ಮಾರಾಯ್ತಿ.”

ಗೊತ್ತಾಯ್ತು ಅಂದೆ. ಆದರೆ ಮನಸ್ಸಿನೊಳಗೆ, ಕೇಳುವುದೂ ಒಂದು ಕೆಲಸವಾ ಅಂತ ಇತ್ತು.

ಆ ದಿನ ಬಂದದ್ದು ಆಲಂಕಾರಿನ ಒಬ್ಬ ತಾಯಿ. ವಯಸ್ಸು ಇಪ್ಪತ್ತೆಂಟು, ನನಗಿಂತ ನಾಲ್ಕು ವರ್ಷ ದೊಡ್ಡವರು. ಜೊತೆಗೆ ಗಂಡ, ಪಂಪ್‌ಸೆಟ್ ರಿಪೇರಿ ಕೆಲಸದವರು. ಸೊಂಟದಲ್ಲಿ ಒಂದೂವರೆ ವರ್ಷದ ಹೆಣ್ಣುಮಗು. ಊರಿನ ಆಶಾ ಕಾರ್ಯಕರ್ತೆ ಕಳಿಸಿದ್ದರು. ತೊಂದರೆ ಏನೆಂದರೆ, ಈ ತಾಯಿ ಮಗುವಿನ ಹತ್ತಿರ ಮಾತಾಡುವುದಿಲ್ಲ. ಸ್ನಾನ ಮಾಡಿಸುತ್ತಾರೆ, ಉಣಿಸುತ್ತಾರೆ, ಎತ್ತಿಕೊಂಡು ತಿರುಗುತ್ತಾರೆ, ಜ್ವರ ಬಂದರೆ ರಾತ್ರಿಯಿಡೀ ಕೂರುತ್ತಾರೆ. ಎಲ್ಲವೂ ಮೌನದಲ್ಲಿ. ಬೇರೆಯವರ ಹತ್ತಿರ ಮಾತು ಸರಿ ಇದೆ. ಮಗುವಿನ ಮುಖ ನೋಡಿ ಬಾಯಿ ತೆರೆದರೆ ಗಂಟಲು ಕಟ್ಟುತ್ತದೆ.

“ನನಗೆ ಅವಳ ಹತ್ರ ಮಾತಾಡ್ಬೇಕು,” ಎಂದರು ಆಕೆ ಕನ್ನಡದಲ್ಲಿ. “ಅಷ್ಟೇ. ಬೇರೆ ಎಂತ ಬೇಡ ನನಗೆ.”

ಆಗ ಗಂಡ ವಿವರಿಸಿದರು. “ಇವಳ ಊರು ನೆಲ್ಯಾಡಿ ಹತ್ರ ಮೇಡಂ. ಅಪ್ಪನದ್ದು ಕೇರಳದಿಂದ ಬಂದ ಕುಟುಂಬ, ರಬ್ಬರ್ ತೋಟದವರು. ಅಮ್ಮ ಸುಳ್ಯ ಕಡೆಯವರು, ಅವರ ಮಾತು ಅರೆಭಾಷೆ. ಅವರು ಬೇಗ ತೀರಿ ಹೋದ್ರು. ನಮ್ಮದು ತುಳು.”

ನಮ್ಮ ಕಡೆ ಒಂದು ಅಭ್ಯಾಸ ಇದೆ. ಹೊಸಬರ ಜೊತೆ ಕನ್ನಡದಲ್ಲಿ ಶುರು ಮಾಡುತ್ತೇವೆ. ಊರು, ಮನೆ, ಯಾರ ಕಡೆಯವರು ಅಂತ ಎರಡು ಪ್ರಶ್ನೆ ಕೇಳುವಾಗ ಎದುರಿನವರ ಮನೆಮಾತು ಗೊತ್ತಾಗುತ್ತದೆ, ನಮಗೆ ಅದು ಬರುವುದಾದರೆ ಆ ಕ್ಷಣಕ್ಕೆ ಅದಕ್ಕೆ ಹಾರುತ್ತೇವೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲ ಹೀಗೆಯೇ. ಹಾರದಿದ್ದರೆ ಸ್ವಲ್ಪ ಅಹಂಕಾರ ಅಂತ ಲೆಕ್ಕ. ಅದು ನಮ್ಮಲ್ಲಿ ಕುರ್ಚಿ ಎಳೆದುಕೊಟ್ಟ ಹಾಗೆ.

ನಮ್ಮ ಮನೆ ಸುಳ್ಯದಿಂದ ಆಚೆ ಗಡಿಯ ಹತ್ತಿರ. ಮನೆಯೊಳಗೆ ಮಲಯಾಳ. ಕಡಬಕ್ಕೆ ಬಂದು ಪಿ.ಜಿ. ರೂಮಿನಲ್ಲಿ ಉಳಿದುಕೊಂಡ ಮೇಲೆ ಫೋನಿನಲ್ಲಿ ಬಿಟ್ಟರೆ ನನಗೆ ಆ ಮಾತೇ ಇರಲಿಲ್ಲ. ಹಾಗಾಗಿ ನಾನು ಹಾರಿದ್ದಲ್ಲ, ನೆಗೆದೆ. ‘ಚೇಚಿ’ ಎಂದು ಕರೆದೆ, ಅಂದರೆ ಅಕ್ಕ. ನಾವಿಬ್ಬರೂ ನಮ್ಮ ಮಾತಿನಲ್ಲೇ ಮಾತಾಡುವ, ಮನಸ್ಸು ಬಿಚ್ಚಲು ಸುಲಭ ಎಂದು ಮಲಯಾಳದಲ್ಲಿ ಹೇಳಿದೆ. ಆಕೆ ಸಣ್ಣಗೆ ನಕ್ಕು, “ಶರಿ,” ಎಂದರು. ಸರಿ ಅಂತ.

ಫಾರ್ಮಿನಲ್ಲಿ ‘ಮನೆಮಾತು’ ಎಂಬ ಕಾಲಮ್ ಇದೆ. ಕೇಳದೆ ಮಲಯಾಳ ಎಂದು ಬರೆದೆ. ಪಕ್ಕದಲ್ಲಿ ‘ಮಾತಾಡಲು ಇಷ್ಟಪಡುವ ಭಾಷೆ’ ಅಂತ ಇನ್ನೊಂದು ಕಾಲಮ್. ಅಲ್ಲಿ ‘ಅದೇ’ ಎಂದು ಬರೆದೆ.

ಆ ದಿನಗಳಲ್ಲಿ ನಾನು ಓದುತ್ತಿದ್ದದ್ದೇ ಈ ವಿಷಯ: ಒಬ್ಬ ವ್ಯಕ್ತಿಯೊಳಗೆ ಎರಡು ಮೂರು ಸಂಸ್ಕೃತಿ ಇದ್ದರೆ ಅವರ ಗುರುತನ್ನು ಮುಚ್ಚಿಹಾಕದೆ ಎತ್ತಿ ಹಿಡಿಯುವ ಥೆರಪಿ, ಹಿಂದೆ ಆದ ಆಘಾತವನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯುವ ಥೆರಪಿ. ಓದುವಾಗ ನಮ್ಮ ತಾಲೂಕಿನವರೆಲ್ಲ ಕಣ್ಣ ಮುಂದೆ ಬರುತ್ತಿದ್ದರು. ಈ ತಾಯಿಯನ್ನೇ ನೋಡಿ. ಅಪ್ಪನ ಮನೆಯಲ್ಲಿ ಭಾನುವಾರ ಇಗರ್ಜಿಯಲ್ಲಿ ಪಾದ್ರಿಯ ಪೂಜೆ, ಅಮ್ಮನ ಕಡೆ ದೈವಕ್ಕೆ ಬಡಿಸುವ ಪರ್ವ, ಈಗ ಗಂಡನ ಮನೆಯಲ್ಲಿ ನಾಗನಿಗೂ ದೈವಕ್ಕೂ ಕೊಡುವ ತಂಬಿಲ. ನಾಲ್ಕು ಭಾಷೆ. ಪುಸ್ತಕದಲ್ಲಿ ಓದಿದ್ದು ಕುರ್ಚಿಯಲ್ಲಿ ಬಂದು ಕೂತ ಹಾಗಾಯಿತು ನನಗೆ. ತಮ್ಮ ಮುಂದಿನ ಸರದಿಯ ಬುಧವಾರ ಸಿಸ್ಟರ್ ಬರಲಿಲ್ಲ, ಅವರ ಮನೆಯಲ್ಲಿ ಯಾರಿಗೋ ಆಪರೇಷನ್. ಅದರ ಮುಂದಿನ ಸರದಿಗೆ ಇನ್ನೂ ಹದಿನೈದು ದಿನ. “ಹೊಸಬರು ಯಾರಾದ್ರೂ ಉಂಟಾ?” ಎಂದು ಫೋನಿನಲ್ಲಿ ಕೇಳಿದರು. “ಒಬ್ರು ಇದ್ದಾರೆ ಸಿಸ್ಟರ್, ಅರ್ಜೆಂಟ್ ಎಂತ ಇಲ್ಲ, ನಾನು ಕೇಳ್ತಾ ಇದ್ದೇನೆ,” ಎಂದೆ. ಅದು ಅರ್ಧ ಸುಳ್ಳು. ಸಿಸ್ಟರ್ ಬರುವಾಗ ಆಕೆ ಮಗುವಿನ ಜೊತೆ ಮಾತಾಡುತ್ತಿರಬೇಕು, ಸಿಸ್ಟರ್ ಬೆರಗಾಗಬೇಕು ಎಂಬುದು ನನ್ನ ಪ್ಲಾನ್.

ಎರಡನೇ ವಾರ ಒಂದು ಚಿತ್ರ ಮಾಡಿಸಿದೆ. ಕಾಗದದಲ್ಲಿ ಮನುಷ್ಯನ ಆಕಾರದ ಬರೀ ಗೆರೆ. ಒಂದೊಂದು ಭಾಷೆಗೆ ಒಂದೊಂದು ಬಣ್ಣ ಆರಿಸಿ, ಅದು ಮೈಯಲ್ಲಿ ಎಲ್ಲಿ ಇದೆ ಅನಿಸುತ್ತದೋ ಅಲ್ಲಿ ತುಂಬಬೇಕು. ಆಕೆ ತುಳುವಿಗೆ ಹಸಿರು ತೆಗೆದು ಎರಡೂ ಕೈಗೆ ತುಂಬಿದರು. ಮಲಯಾಳಕ್ಕೆ ಕೆಂಪು: ಬೆನ್ನಿನಿಂದ ಶುರುವಾಗಿ ಕುತ್ತಿಗೆಗೆ ಬಂತು, ಗಂಟಲಿನಲ್ಲಿ ಕ್ರೆಯಾನ್ ಮುರಿಯುವಷ್ಟು ಒತ್ತಿದರು. ಕನ್ನಡಕ್ಕೆ ನೀಲಿ. ಆದರೆ ನೀಲಿಯನ್ನು ಒಳಗೆ ಹಾಕಲೇ ಇಲ್ಲ, ಗೆರೆಯ ಹೊರಗೆ ಸುತ್ತಲೂ ಎಳೆದರು. ಹೊಟ್ಟೆಯ ಹತ್ತಿರ ಹಳದಿಯ ಒಂದು ಚುಕ್ಕೆ. “ಅದು?” ಎಂದೆ. “ಅದು ಹಾಗೇ,” ಎಂದರು.

ಇಲ್ಲಿ ಕೇಳಿ ಸುಮ್ಮನಿರಬೇಕಿತ್ತು. ನಾನು ಅರ್ಥ ಹೇಳಲು ಹೊರಟೆ. ನೋಡಿ ಚೇಚಿ, ಮಲಯಾಳ ನಿಮ್ಮ ಗಂಟಲಲ್ಲೇ ಇದೆ, ಹೊರಗೆ ಬರಲು ಕಾಯುತ್ತಾ ಇದೆ, ಕನ್ನಡ ಬರೀ ಹೊರಗಿನದು, ಶಾಲೆಯ ಯೂನಿಫಾರ್ಮ್ ಇದ್ದ ಹಾಗೆ. ಆಕೆ ತಲೆಯಾಡಿಸಿದರು. “ಶರಿ.”

ಮೂರನೇ ವಾರ ಇನ್ನೊಂದು ಅಭ್ಯಾಸ. ‘ನೀನು ಯಾರು’ ಎಂಬ ಪ್ರಶ್ನೆಯನ್ನು ಹತ್ತು ಸಲ ಕೇಳುವುದು, ಅವರು ಪ್ರತಿ ಸಲ ಬೇರೆ ಉತ್ತರ ಕೊಡುವುದು. ಹಾಗೆ ಮಾಡಿದರೆ ಒಬ್ಬರೊಳಗೆ ಇರುವ ಎಲ್ಲ ಗುರುತೂ ಮೇಲೆ ಬರುತ್ತದೆ ಎಂದು ವಿಡಿಯೋದಲ್ಲಿ ಇತ್ತು. ನಾನು ಮಲಯಾಳದಲ್ಲಿ ಕೇಳಿದೆ: “ನೀ ಆರಾ?” ನೀನು ಯಾರು?

ತಕ್ಷಣ ಉತ್ತರ ಬಂತು. “ಞಾನ್ ಈ ವೀಟ್ಟಿಲೆ ಕುಟ್ಟಿಯಾ.” ನಾನು ಈ ಮನೆಯ ಮಗು.

ಎಷ್ಟು ಚಂದದ ಉತ್ತರ ಅನಿಸಿತು. ಎರಡನೇ ಸಲ ಕೇಳಿದೆ. ಅದೇ ಉತ್ತರ. ಮೂರನೇ ಸಲ, ನಾಲ್ಕನೇ ಸಲ, ಅದೇ ಸ್ವರ, ಅದೇ ಮಾತು. ಕೈ ಮಡಿಲಲ್ಲಿ, ಬೆನ್ನು ನೆಟ್ಟಗೆ, ಮುಖದಲ್ಲಿ ಸಣ್ಣ ನಗು. ಇಷ್ಟು ಶಾಂತವಾಗಿ ಕೂತವರನ್ನು ನಾನು ನೋಡಿರಲಿಲ್ಲ. ಫೈಲಿನಲ್ಲಿ ಬರೆದೆ: ‘ಚೆನ್ನಾಗಿ ಸ್ಪಂದಿಸುತ್ತಿದ್ದಾರೆ.’

ಹೊರಡುವಾಗ ನಾನು ಮನೆಗೆ ಅಭ್ಯಾಸ ಕೊಟ್ಟೆ. ನನಗೆ ಅಧಿಕಾರ ಇಲ್ಲದ ಕೆಲಸ. ದಿನಕ್ಕೆ ಹತ್ತು ನಿಮಿಷ, ಮಗುವನ್ನು ಎದುರು ಕೂರಿಸಿ, ಮಲಯಾಳದಲ್ಲಿ ಏನಾದರೂ ಮಾತಾಡಿ. ಗಂಟಲು ಕಟ್ಟಿದರೂ ಬಿಡಬೇಡಿ.

“ಶರಿ,” ಎಂದರು ಆಕೆ.

ಮುಂದಿನ ವಾರ ಬಂದಾಗ, ಮಾತಾಡುತ್ತಿದ್ದೇನೆ ಎಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಏನು ಮಾತಾಡಿದಿರಿ ಎಂದು ಕೇಳಲು ಹೊಳೆಯಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು, ನಿದ್ದೆ ಇಲ್ಲವಾ ಎಂದು ಕೇಳಲೂ ಹೊಳೆಯಲಿಲ್ಲ.

ಐದನೇ ವಾರದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗಂಡ ಫೋನ್ ಮಾಡಿದರು.

“ಮೇಡಂ, ಒಮ್ಮೆ ಬರ್ಲಿಕ್ಕಾಗ್ತದಾ? ಇವಳು ಮಗುವನ್ನು ನನ್ನ ಅಮ್ಮನ ಕೈಗೆ ಕೊಟ್ಟು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದ್ದಾಳೆ. ಒಂದು ಗಂಟೆ ಆಯ್ತು. ಕರೆದ್ರೆ ಮಾತಿಲ್ಲ.”

“ಉಸಿರಾಟ ಎಲ್ಲ ಕೇಳ್ತದಾ?”

“ಕೇಳ್ತದೆ. ಗೋಡೆಗೆ ಕೂತ ಹಾಗೆ ಉಂಟು. ನೀವೇ ಅಲ್ವಾ ನೋಡುದು, ಅದಕ್ಕೆ ಫೋನ್ ಮಾಡಿದ್ದು.”

ಸಿಸ್ಟರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮಾಡಿದರೆ ಮನೆ ಅಭ್ಯಾಸದ ವಿಷಯ ಹೇಳಬೇಕಾಗುತ್ತದೆ. ಬಸ್ಸು ಹಿಡಿದೆ. ಆಲಂಕಾರಿನಲ್ಲಿ ಇಳಿದು ರಿಕ್ಷಾ ಮಾಡಿ ಹೋದೆ. ದಾರಿಯಿಡೀ ಮೊಬೈಲಿನಲ್ಲಿ ಹಳೆಯ ನೋಟ್ಸ್ ತಿರುವುತ್ತಿದ್ದೆ: ಪಾದ ನೆಲಕ್ಕೆ ಒತ್ತಿಸುವುದು, ಕಣ್ಣಿಗೆ ಕಾಣುವ ಐದು ವಸ್ತು ಹೇಳಿಸುವುದು, ಮೆತ್ತಗಿನ ಸ್ವರ, ಪರಿಚಿತ ಭಾಷೆ.

ಬಾತ್‌ರೂಮ್ ಮನೆಯ ಹಿಂದೆ, ಬಚ್ಚಲ ಒಲೆಯ ಪಕ್ಕದಲ್ಲಿ. ಒಲೆಯಲ್ಲಿ ತೆಂಗಿನ ಸಿಪ್ಪೆ ಹೊಗೆಯಾಡುತ್ತಿತ್ತು. ತಗಡಿನ ಬಾಗಿಲು. ಆಕೆಯ ಅತ್ತೆ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಗಂಡ ಬಾಗಿಲ ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದರು, ಚಿಲಕ ಬಿಚ್ಚುವುದಾ ಬೇಡವಾ ಎಂದು ಗೊತ್ತಾಗದೆ. ನಾನು ಬಾಗಿಲಿಗೆ ಮುಖ ತಾಗಿಸಿ, ನನ್ನಿಂದ ಆಗುವಷ್ಟು ಮೆತ್ತಗಿನ ಸ್ವರದಲ್ಲಿ ಹೇಳಿದೆ:

“ಮೋಳೇ, ವಾತಿಲ್ ತುರಕ್ಕ್.” ಮಗಳೇ, ಬಾಗಿಲು ತೆಗೆ.

ನನಗಿಂತ ದೊಡ್ಡವರನ್ನು ‘ಮೋಳೇ’ ಎಂದದ್ದು ಯಾಕೆ ಎಂದು ಈಗಲೂ ತಿಳಿಯದು. ಸಮಾಧಾನ ಮಾಡುವವರು ಹಾಗೆ ಕರೆಯುವುದನ್ನು ಕೇಳಿದ್ದೆ.

ಒಳಗಿನಿಂದ ಸ್ವರ ಬಂತು. ಅಳು ಇಲ್ಲ, ನಡುಕ ಇಲ್ಲ. ಪಾಠ ಒಪ್ಪಿಸಿದ ಹಾಗೆ.

“ಞಾನ್ ಈ ವೀಟ್ಟಿಲೆ ಕುಟ್ಟಿಯಾ. ಞಾನ್ ಈ ವೀಟ್ಟಿಲೆ ಕುಟ್ಟಿಯಾ. ಞಾನ್ ಈ ವೀಟ್ಟಿಲೆ ಕುಟ್ಟಿಯಾ.”

ನಿಲ್ಲಲೇ ಇಲ್ಲ. ನಾನು ಮಲಯಾಳದಲ್ಲಿ ಸಮಾಧಾನ ಹೇಳಿದಷ್ಟೂ ಆ ಸ್ವರ ಬೇಗ ಬೇಗ ಆಗುತ್ತಾ ಹೋಯಿತು. ಆದರೂ ನನ್ನ ಬಾಯಿ ನಿಲ್ಲಲಿಲ್ಲ. ಕೊನೆಗೆ ಅತ್ತೆ ಮಗುವನ್ನು ನನ್ನ ತೋಳಿಗೆ ತುರುಕಿದರು.

“ನೀವೊಮ್ಮೆ ಬಾಯಿ ಮುಚ್ಚಿ ಮಾರಾಯ್ರೆ. ನೀವು ಮಾತಾಡಿದಷ್ಟೂ ಅವಳಿಗೆ ಜಾಸ್ತಿ ಆಗುದು ಕಾಣುದಿಲ್ವಾ? ಆಚೆ ಹೋಗಿ. ನೀನೂ ಆ ಸ್ಕ್ರೂಡ್ರೈವರ್ ಒಳಗಿಡು, ಅದೆಂತ ಪಂಪ್ ಅಂತ ಮಾಡಿದ್ಯಾ?”

ಗಂಡ ಹೋದರು. ನಾನು ಮಗುವನ್ನು ಎತ್ತಿಕೊಂಡು ಅಂಗಳದ ಮೂಲೆಗೆ ಹೋದೆ. ಅತ್ತೆ ಬಚ್ಚಲೊಲೆಗೆ ನೀರು ಹೊಯ್ದು ಹೊಗೆ ನಿಲ್ಲಿಸಿದರು. ಬಾಗಿಲ ಹತ್ತಿರ ಮಣೆ ಹಾಕಿ ಕುಳಿತರು. ಬಾ ಎಂದು ಕರೆಯಲಿಲ್ಲ. ಬೀಡಿ ಕಟ್ಟುವವರು ಕೆಲಸದ ನಡುವೆ ಮಾತಾಡುತ್ತಾರಲ್ಲ, ಹಾಗೆ ತುಳುವಿನಲ್ಲಿ ಅದೂ ಇದೂ ಹೇಳತೊಡಗಿದರು. ಕೋಳಿ ಇವತ್ತು ಎಲ್ಲಿ ಮೊಟ್ಟೆ ಇಟ್ಟಿದೆಯೋ, ಪಕ್ಕದ ಮನೆಯವಳು ಕೊಟ್ಟ ಬಸಳೆ ಎಲ್ಲ ಹುಳ. ಅರ್ಧ ಗಂಟೆ ಆಗಿರಬೇಕು. ಒಳಗಿನ ಸ್ವರ ನಿಧಾನ ಆಯಿತು, ನಿಂತಿತು. ಅತ್ತೆ ಎದ್ದು ಹೋಗಿ ಬಂದು, “ಚಾ ಆಂಡ್, ಬಲ,” ಎಂದರು. ಚಹಾ ಆಯಿತು, ಬಾ. ಚಿಲಕ ಸರಿಯಿತು.

ಆಕೆ ಹೊರಗೆ ಬಂದು ಮೊದಲು ನೋಡಿದ್ದು ಮಗುವನ್ನು. ಮಗು ನನ್ನ ತೋಳಿನಲ್ಲಿ ಇತ್ತು. ಆಕೆ ಹತ್ತಿರ ಬರಲಿಲ್ಲ.

ಕಡಬಕ್ಕೆ ವಾಪಸ್ ಬಂದು ಫೈಲ್ ತೆರೆದೆ. ನಾಡಿದ್ದು ಸಿಸ್ಟರ್ ಬರುವ ಬುಧವಾರ. ಆ ದಿನದ ವರದಿ ಬರೆಯಬೇಕು. ಏನು ಬರೆದೆ ಗೊತ್ತೇ? ‘ಮನೆಯವರ ಸಹಕಾರ ಕಡಿಮೆ. ಅತ್ತೆಯ ಹಸ್ತಕ್ಷೇಪ ಇದೆ.’ ನನ್ನ ಕೈಯಾರೆ ಬರೆದೆ. ಎರಡು ದಿನ ಆ ಸಾಲು ಫೈಲಿನಲ್ಲಿ ಇತ್ತು. ನಾನು ಊಟ ಮಾಡಿದೆ, ಬೇರೆ ಇಬ್ಬರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಸ್ನೇಹಿತೆಯ ಜೊತೆ ಫೋನಿನಲ್ಲಿ ನಕ್ಕೆ. ಈ ಕಥೆಯಲ್ಲಿ ಬಾತ್‌ರೂಮಿನ ಬಾಗಿಲಿಗಿಂತ ನನಗೆ ಹೆಚ್ಚು ನಾಚಿಕೆ ಆಗುವುದು ಈ ಸಾಲಿಗೆ. ಬಾಗಿಲಿನ ಹತ್ತಿರ ನಾನು ತಿಳಿಯದೆ ಮಾಡಿದೆ. ಇದನ್ನು ತಿಳಿದೇ ಬರೆದೆ.

ಬುಧವಾರ ಸಿಸ್ಟರ್ ಬಂದು, ಚೀಲ ಇಟ್ಟು, ಫೈಲ್ ಕೈಗೆ ತೆಗೆದುಕೊಂಡರು. ಕನ್ನಡಕ ಹುಡುಕುತ್ತಿದ್ದರು. ಅದು ಸಿಗುವ ಮೊದಲು ನಾನು ಹೇಳಿಬಿಟ್ಟೆ.

“ಸಿಸ್ಟರ್, ಅದರಲ್ಲಿ ಕೊನೆಗೆ ಬರೆದದ್ದು ಸುಳ್ಳು. ಅತ್ತೆಯದ್ದು ತಪ್ಪಿಲ್ಲ. ನಾನು ಮನೆಗೆ ಅಭ್ಯಾಸ ಕೊಟ್ಟಿದ್ದೆ.”

ಎಲ್ಲ ಹೇಳಿದೆ. ಚಿತ್ರ, ಹತ್ತು ಪ್ರಶ್ನೆ, ಹತ್ತು ನಿಮಿಷ, ಬಾಗಿಲು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಮೊದಲು ಗಂಡನಿಗೆ ಫೋನ್ ಮಾಡಿ, ಆಕೆ ಹೇಗಿದ್ದಾರೆ, ಒಬ್ಬರೇ ಇದ್ದಾರಾ, ಊಟ ನಿದ್ದೆ ಎಂತ, ಸಾಯುವ ಮಾತೇನಾದರೂ ಆಡಿದ್ದಾರಾ ಎಂದು ಒಂದೊಂದಾಗಿ ಕೇಳಿದರು. ಇದನ್ನು ನಾನು ಸೋಮವಾರವೇ ಕೇಳಬೇಕಿತ್ತು. ಫೋನ್ ಇಟ್ಟು, ಫಾರ್ಮ್ ತೆರೆದು ನನ್ನ ಕಡೆ ತಿರುಗಿಸಿದರು.

“ಮಾತಾಡ್ಲಿಕ್ಕೆ ಇಷ್ಟದ ಭಾಷೆ. ಇದು ಅವಳು ಹೇಳಿದ್ದಾ?”

“ಇಲ್ಲ.”

“ಮತ್ತೆ?”

“ಅವರು ಮಲಯಾಳಿ ಅಲ್ವಾ ಸಿಸ್ಟರ್…”

“ಅದು ಯಾರು ಹೇಳಿದ್ದು? ಗಂಡ ಊರು ಹೇಳಿದ. ಉಳಿದದ್ದು ನೀನು ಹೇಳಿದ್ದು. ಅವಳು ನಿನ್ನ ಹತ್ರ ಬಂದು ಮೊದಲ ಮಾತು ಯಾವ ಭಾಷೆಯಲ್ಲಿ ಆಡಿದ್ದು?”

ನೆನಪಾಯಿತು. ನನಗೆ ಅವಳ ಹತ್ರ ಮಾತಾಡ್ಬೇಕು, ಬೇರೆ ಎಂತ ಬೇಡ. ಕನ್ನಡ.

“ನಿನಗೆ ಮಲಯಾಳ ಮಾತಾಡ್ಲಿಕ್ಕೆ ಜನ ಬೇಕಿತ್ತು,” ಎಂದರು ಸಿಸ್ಟರ್. ಕುಟುಕಿದ್ದಲ್ಲ, ಜ್ವರ ಎಷ್ಟಿದೆ ಎಂದು ಹೇಳಿದ ಹಾಗೆ ಹೇಳಿದರು. “ಅದು ತಪ್ಪಲ್ಲ. ಆದ್ರೆ ಅದನ್ನು ಪಿ.ಜಿ.ಯಲ್ಲಿ ಹುಡುಕು. ಈ ಕುರ್ಚಿಯಲ್ಲಿ ಅಲ್ಲ.”

ಇನ್ನು ಎರಡು ದಾರಿ ಎಂದರು. ಒಂದು, ಇವತ್ತಿನಿಂದ ಸಿಸ್ಟರೇ ಆಕೆಯನ್ನು ನೋಡುವುದು, ನಾನು ಎದುರು ಬರದೆ ಇರುವುದು. ಎರಡು, ಮೊದಲು ನಾನು ಆಕೆಯ ಎದುರು ಕೂತು, ಆದದ್ದನ್ನು ಹೇಳಿ, ತಪ್ಪಾಯಿತು ಎನ್ನುವುದು, ಆಮೇಲೆ ಸಿಸ್ಟರಿಗೆ ಬಿಟ್ಟುಕೊಡುವುದು. “ಯಾವುದು ಮಾಡ್ತಿ?” ನನಗೆ ಮೊದಲನೆಯದೇ ಬೇಕಿತ್ತು. ತಪ್ಪಿಸಿಕೊಂಡರೆ ಸಾಕಿತ್ತು. ಆದರೆ ಹಾಗೆ ಮಾಡಿದರೆ, ‘ಈ ಹುಡುಗಿಗೆ ನಾನು ಏನೋ ತಪ್ಪು ಉತ್ತರ ಹೇಳಿದೆ, ಅದಕ್ಕೆ ಬಿಟ್ಟಳು’ ಎಂದು ಆಕೆಗೆ ಅನಿಸಬಹುದು ಅಂತ ಹೊಳೆಯಿತು. ಎರಡನೆಯದು ಎಂದೆ.

ಮರುದಿನವೇ ಸಿಸ್ಟರ್ ಮತ್ತೆ ಬಂದರು, ಇದಕ್ಕಾಗಿಯೇ. ಗಂಡ ಆಕೆಯನ್ನು ಬೈಕಿನಲ್ಲಿ ಕರೆದುಕೊಂಡು ಬಂದು ಕೆಳಗೆ ಕಾದರು. ಸಿಸ್ಟರ್ ಬಾಗಿಲನ್ನು ಪೂರ್ತಿ ತೆರೆದು, ಗಾಳಿಗೆ ಹಾಕಿಕೊಳ್ಳದ ಹಾಗೆ ನೀರಿನ ಕ್ಯಾನ್ ಅಡ್ಡ ಇಟ್ಟರು. ಬಾಗಿಲಿಗೆ ಹತ್ತಿರದ ಕುರ್ಚಿ ಆಕೆಗೆ ಬಿಟ್ಟರು. ನಾನು ಐದು ವಾರ ಆಕೆಯನ್ನು ಗೋಡೆ ಬದಿಗೆ ಕೂರಿಸಿ, ಬಾಗಿಲು ಮುಚ್ಚಿ, ಬಾಗಿಲಿನ ಎದುರು ನಾನೇ ಕೂರುತ್ತಿದ್ದೆ. ಗುಟ್ಟು ಹೊರಗೆ ಹೋಗಬಾರದು ಅಂತ.

“ನಮ್ಮ ಮೂರು ಜನರ ಮಾತು ಯಾವ ಭಾಷೆಯಲ್ಲಿ ಆಗ್ಬೇಕು?” ಎಂದು ಸಿಸ್ಟರ್ ಕೇಳಿದರು. “ನನಗೆ ತುಳು, ಕನ್ನಡ, ಕೊಂಕಣಿ ಬರ್ತದೆ. ಬೇರೆ ಬೇಕಾದ್ರೆ ಜನ ಹುಡುಕುವ. ಮಾತೇ ಬೇಡ ಅಂದ್ರೆ ಅದೂ ಆಗ್ತದೆ.”

ಆಕೆ ತೆರೆದ ಬಾಗಿಲಿನ ಕಡೆ ನೋಡಿದರು. “ಕನ್ನಡ,” ಎಂದರು. ಆಮೇಲೆ, ಯಾರಿಗೋ ಕೇಳಿಸಬಾರದು ಎನ್ನುವಂತೆ, “ಶಾಲೆಯ ಕನ್ನಡ.”

ನಾನು ಮಾಡಿದ್ದನ್ನೆಲ್ಲ ಹೇಳಿದೆ. ಮನೆ ಅಭ್ಯಾಸ ಕೊಡಲು ನನಗೆ ಅನುಮತಿ ಇರಲಿಲ್ಲ, ನಿಮ್ಮನ್ನು ಕೇಳದೆ ಭಾಷೆ ಬರೆದೆ, ಅತ್ತೆಯ ಬಗ್ಗೆ ಸುಳ್ಳು ಬರೆದೆ, ತಪ್ಪಾಯಿತು. ಆಕೆ ಮೇಜಿನ ಅಂಚು ನೋಡುತ್ತಾ ಕೇಳಿದರು. ಮತ್ತೆ ತಾವಾಗಿಯೇ ಮಾತಾಡಿದರು. ಎಲ್ಲ ಪೂರ್ತಿ ವಾಕ್ಯ, ಪುಸ್ತಕ ಓದಿದ ಹಾಗೆ.

“ನನ್ನ ತಾಯಿ ತೀರಿಕೊಂಡಾಗ ನನಗೆ ಏಳು ವರ್ಷ. ತಂದೆ ಲಾರಿಯಲ್ಲಿ ಹೋಗುತ್ತಿದ್ದರು. ದೊಡ್ಡಪ್ಪನ ಮನೆಯಲ್ಲಿ ನಾನು ಬೆಳೆದೆ. ನನ್ನ ಬಾಯಿಂದ ತಾಯಿಯ ಭಾಷೆಯ ಮಾತು ಬಂದರೆ ನನ್ನನ್ನು ಹೊಗೆಮನೆಯಲ್ಲಿ ಕೂಡಿಹಾಕುತ್ತಿದ್ದರು. ರಬ್ಬರ್ ಶೀಟು ಒಣಗಿಸುವ ಹೊಗೆಮನೆ. ಹೊರಗಿನಿಂದ ಕೇಳುತ್ತಿದ್ದರು, ನೀನು ಯಾರು ಎಂದು. ನಾನು ಈ ಮನೆಯ ಮಗು ಎಂದು ಅವರ ಭಾಷೆಯಲ್ಲಿ ಹೇಳಬೇಕು. ಸರಿಯಾಗಿ ಹೇಳಿದರೆ ಬಾಗಿಲು ತೆಗೆಯುತ್ತಿದ್ದರು.”

ಕೆಳಗಿನ ಅಂಗಡಿಯಲ್ಲಿ ಯಾರೋ ಸೀರೆಗೆ ಚೌಕಾಸಿ ಮಾಡುತ್ತಿದ್ದರು.

“ಶಾಲೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಲಿಲ್ಲ. ಕನ್ನಡ ಟೀಚರ್ ನಾನು ಓದುವಾಗ ಕಣ್ಣು ಮುಚ್ಚಿ ಕೇಳುತ್ತಿದ್ದರು.” ಆಕೆ ಮೊದಲ ಸಲ ನನ್ನ ಮುಖ ನೋಡಿದರು. “ನೀವು ಕೆಟ್ಟವರಲ್ಲ. ಆದರೆ ನೀವು ಮಾತಾಡುವಾಗ ನಾನು ಸರಿಯಾದ ಉತ್ತರ ಹುಡುಕುತ್ತಿದ್ದೆ. ಬೇಗ ಹೇಳಿದರೆ ಬೇಗ ಮನೆಗೆ ಹೋಗಬಹುದು ಎಂದು. ಸೋಮವಾರ ಮಗಳು ಅನ್ನ ಚೆಲ್ಲಿದಳು. ನನ್ನ ಬಾಯಿಂದ ದೊಡ್ಡಪ್ಪನ ಸ್ವರ ಬಂತು. ‘ನೀ ಆರಾ’ ಎಂದು ಮಗುವಿಗೆ ಕೇಳಿದೆ. ಅವಳನ್ನು ಎಲ್ಲಿಯಾದರೂ ಕೂಡಿಹಾಕುತ್ತೇನೋ ಎಂದು ಭಯವಾಯಿತು. ಅದಕ್ಕೆ ನಾನೇ ಒಳಗೆ ಹೋದೆ.”

ಕೆಂಪು, ನೀಲಿ, ಹೊಟ್ಟೆಯ ಹತ್ತಿರ ಅಮ್ಮನ ಮಾತಿನ ಆ ಹಳದಿ ಚುಕ್ಕೆ, ಎಲ್ಲ ಆಗ ಅರ್ಥವಾಯಿತು. ಗಂಟಲಿನಲ್ಲಿ ಇದ್ದದ್ದು ಹೊರಗೆ ಬರಲು ಕಾಯುತ್ತಿರಲಿಲ್ಲ, ಅಲ್ಲಿ ಒತ್ತಿ ಹಿಡಿದಿತ್ತು. ನಾನು ಬರೀ ಯೂನಿಫಾರ್ಮ್ ಎಂದು ತಳ್ಳಿಹಾಕಿದ ಆ ನೀಲಿಯ ಒಳಗೆ ಆಕೆ ಇಷ್ಟು ವರ್ಷ ಜೀವ ಉಳಿಸಿಕೊಂಡಿದ್ದರು. ಮಲಯಾಳದ ತಪ್ಪಲ್ಲ. ನನ್ನ ಅಮ್ಮ ನನ್ನನ್ನು ಮಲಗಿಸಿದ ಭಾಷೆ ಅದು, ಇವತ್ತಿಗೂ ನನಗೆ ಅದರಲ್ಲೇ ಹಸಿವಾಗುವುದು. ಆದರೆ ನಾನು ಐದು ವಾರ ಎತ್ತಿ ಹಿಡಿದ ಗುರುತು ಆಕೆಯದಲ್ಲ, ನನ್ನದು.

ಸಿಸ್ಟರ್ ಮುಂದಿನದನ್ನು ಕೇಳಿದರು. “ಇನ್ನು ನಾವು ಕೂತು ಮಾತಾಡುವಾಗ ಇವಳು ಒಳಗೆ ಇರುದಾ, ಬೇಡವಾ?”

“ಇರಲಿ, ಪರವಾಗಿಲ್ಲ,” ಎಂದು ಆಕೆ ಬೇಗ ಹೇಳಿದರು. ಅದೇ ಸಣ್ಣ ನಗು.

ಸಿಸ್ಟರ್ ನನ್ನ ಕಡೆ ನೋಡಿದರು. ಆ ನಗುವನ್ನು ನಾನೂ ಈಗ ಗುರುತಿಸಿದೆ. ಎದ್ದು ಹೊರಗೆ ಹೋಗಿ ಬೆಂಚಿನಲ್ಲಿ ಕುಳಿತೆ.

ಆಮೇಲೆ ಪ್ರತಿ ಬುಧವಾರ ನನ್ನ ಜಾಗ ಆ ಬೆಂಚು. ಇವರಿಗಾಗಿ ಸಿಸ್ಟರ್ ವಾರ ವಾರವೂ ಬಂದರು. ಒಳಗೆ ಏನು ನಡೆಯಿತು ಎಂದು ನನಗೆ ಗೊತ್ತಿರುವುದು ಸ್ವಲ್ಪ, ಸಿಸ್ಟರ್ ಕಲಿಸಲೆಂದು ಹೇಳಿದಷ್ಟು. ಮೊದಲ ಎರಡು ತಿಂಗಳು ಹೊಗೆಮನೆಯ ವಿಷಯವನ್ನೇ ಮುಟ್ಟಲಿಲ್ಲವಂತೆ. ಬರೀ ಮೈ ಗುರುತಿಸುವುದು: ಗಂಟಲು ಕಟ್ಟುವ ಮೊದಲು ಎಲ್ಲಿ ಬಿಗಿಯಾಗುತ್ತದೆ, ಆಗ ಕಾಲು ಎಲ್ಲಿರುತ್ತದೆ, ಯಾವ ಮಾತು ಬಂದರೆ ಸಡಿಲವಾಗುತ್ತದೆ. ಪ್ರತಿ ಸಲ ಕೂರುವ ಮೊದಲು, ಇವತ್ತು ಯಾವ ಭಾಷೆ ಎಂದು ಕೇಳುವುದು. ಕೆಲವು ದಿನ ತುಳು, ಹೆಚ್ಚು ದಿನ ಕನ್ನಡ. ಒಂದು ದಿನ ಪೂರ್ತಿ ಮಾತೇ ಇಲ್ಲ, ಇಬ್ಬರೂ ಕೂತು ಅವರೆಕಾಯಿ ಬಿಡಿಸಿದರಂತೆ. ಮಗುವಿನ ಹತ್ತಿರ ಮಾತಾಡಲು ಆಕೆಯೇ ಆರಿಸಿದ್ದು ಶಾಲೆಯ ಕನ್ನಡವನ್ನು. ದಿನಕ್ಕೆ ಒಂದು ವಾಕ್ಯದಿಂದ ಶುರು.

ಅತ್ತೆ ಒಂದು ಬುಧವಾರ ಸೊಸೆಯ ಜೊತೆ ಬಂದು ನನ್ನ ಪಕ್ಕದಲ್ಲಿ ಕುಳಿತರು. ನಾನು ತಲೆ ತಗ್ಗಿಸಿ, ಫೈಲಿನ ಸಾಲಿನ ವಿಷಯ ಹೇಳಿ, ತಪ್ಪಾಯಿತು ಅಂದೆ.

“ಹಸ್ತಕ್ಷೇಪವಾ?” ಅವರು ಬಿದ್ದು ಬಿದ್ದು ನಕ್ಕರು. “ಅದು ಸರಿಯೇ ಬರೆದದ್ದು ಮಾರಾಯ್ರೆ, ಆ ಸಾಲು ಹೊಡೆದು ಹಾಕುದು ಬೇಡ. ನಾನಿಲ್ಲದ್ರೆ ನೀವು ಇನ್ನೂ ಆ ಬಾಗಿಲ ಹತ್ರವೇ ಇರ್ತಿದ್ರಿ. ಈಗ ನಮ್ಮ ಮನೆಯಲ್ಲಿ ಕೇಳ್ಬೇಕು ನೀವು! ‘ಮಗಳೇ, ಈ ಹಾಲನ್ನು ಕುಡಿಯುವೆಯಾ?’ ಬೆಳಿಗ್ಗೆ ಎದ್ದ ಕೂಡ್ಲೇ ರೇಡಿಯೋ ವಾರ್ತೆ. ನನ್ನ ಮಗನೂ ಹೆದರಿ ‘ಆಗಲಿ’ ಹೇಳ್ತಾನೆ!”

ಅವರು ನಕ್ಕಷ್ಟು ನನಗೆ ನಗಲು ಆಗಲಿಲ್ಲ. ಅವರು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಆರನೇ ತಿಂಗಳಲ್ಲಿ ಒಂದು ದಿನ ಆಕೆ ಹೊರಗೆ ಬಂದು ಬೆಂಚಿನ ಹತ್ತಿರ ನಿಂತರು. ಇದನ್ನು ಬರೆಯಬಹುದೇ ಎಂದು ಸಿಸ್ಟರ್ ಮೂಲಕ ನಾನು ಕೇಳಿದ್ದೆ. ಬರೆಯಿರಿ, ಊರು ಮನೆ ಗುರುತಾಗುವಂತೆ ಇರಬಾರದು, ಮೊದಲು ನನಗೆ ತೋರಿಸಿ ಎಂದರು. ತೋರಿಸಿದ್ದೇನೆ. ಊರುಗಳ ಹೆಸರು ನಾನು ಬದಲಿಸಿದ್ದೇನೆ. ಆಕೆ ಎರಡು ಕಡೆ ಸಾಲು ಹೊಡೆದು ಹಾಕಿದ್ದಾರೆ, ಒಂದು ಕಡೆ ಒಬ್ಬರ ಕೆಲಸ ಬದಲಿಸಿದ್ದಾರೆ.

ಅದೇ ದಿನ ಇನ್ನೊಂದು ಮಾತು ಹೇಳಿದರು. “ಕಳೆದ ಭಾನುವಾರ ನಾವು ಸುಳ್ಯದ ಕಡೆ ಹೋಗಿದ್ದೆವು. ದೊಡ್ಡಮ್ಮನ ಮನೆಗೆ. ನನ್ನ ಅಮ್ಮನ ಅಕ್ಕ.”

ನನ್ನೊಳಗೆ ಹತ್ತು ಪ್ರಶ್ನೆ ಒಟ್ಟಿಗೆ ಎದ್ದವು. ಅವರು ಒಳಗೆ ಕರೆದರಾ? ಗುರುತು ಹಿಡಿದರಾ? ಅಮ್ಮನ ಮಾತು ನಿಮ್ಮ ಬಾಯಿಗೆ ಬಂತಾ? ಆಕೆ ಮುಂದೆ ಏನೂ ಹೇಳಲಿಲ್ಲ. ನಾನು ಕೇಳಲಿಲ್ಲ. ಅಲ್ಲಿ ಏನಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಗು “ಪೋಯಿ, ಪೋಯಿ” ಎಂದು ತಾಯಿಯ ಸೆರಗು ಎಳೆಯಿತು. ಹೋಗುವ ಅಂತ, ಅಜ್ಜಿಯ ತುಳು.

“ಹೌದು, ಹೋಗೋಣ,” ಎಂದರು ತಾಯಿ, ಅದರ ಮುಖಕ್ಕೆ ಬಾಗಿ. “ಆದರೆ ಮೊದಲು ಚಪ್ಪಲಿ ಹಾಕಿಕೊಳ್ಳಬೇಕು, ಅಲ್ಲವೇ?”

ಕೆಳಗೆ ಆಲಂಕಾರಿನ ಬಸ್ಸು ಹಾರ್ನ್ ಹೊಡೆಯಿತು. ಮಗು ಬೆಂಚಿನ ಕೆಳಗಿನಿಂದ ಒಂದು ಸಣ್ಣ ಚಪ್ಪಲಿ ಎಳೆದು ಕಾಲಿಗೆ ಒತ್ತತೊಡಗಿತು. ಆಗುತ್ತಿರಲಿಲ್ಲ. ನನ್ನ ಕೈ ಮುಂದೆ ಹೋಯಿತು, ಅರ್ಧದಲ್ಲಿ ನಿಲ್ಲಿಸಿದೆ.

“ನಾನು ಹಾಕ್ಲಾ?” ಎಂದು ಕೇಳಿದೆ.

ಆಕೆ ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಆ ‘ಶರಿ’ಯ ನಗು ಇರಲಿಲ್ಲ.

“ಬೇಡ,” ಎಂದರು. “ಅವಳೇ ಹಾಕಲಿ.”

ನಾನು ಕೈ ಹಿಂದೆ ತೆಗೆದುಕೊಂಡೆ. ಮಗು ಎಡದ ಚಪ್ಪಲಿಯನ್ನು ಬಲಗಾಲಿಗೆ ಹಾಕಿ, ಎದ್ದು ನಿಂತು, ನಮ್ಮಿಬ್ಬರನ್ನೂ ನೋಡಿತು. ಬಸ್ಸು ಇನ್ನೊಮ್ಮೆ ಹಾರ್ನ್ ಹೊಡೆಯಿತು. ಇನ್ನೊಂದು ಚಪ್ಪಲಿ ಹಾಕಿ ಆಗುವವರೆಗೆ ನಾವಿಬ್ಬರೂ ಕಾದೆವು.